ಕೆಸರಿಗೆ ಜಾಗ, ಕೈಗೆ ಬಲ: ಒಂದು ಸೈಕಲ್ಲಿನ ಬ್ರೇಕಿನ ಲೆಕ್ಕ

ಭಾನುವಾರ ನಸುಕಿನಲ್ಲಿ ಪುಣೆಯ ಸಿಂಹಗಡ ರಸ್ತೆಗೆ ಬಂದು ನಿಂತರೆ ಈ ಊರಿನ ಹಳೆಯ ಹುಚ್ಚು ಹೊಸ ವೇಷದಲ್ಲಿ ಕಾಣಿಸುತ್ತದೆ. ಒಂದು ಕಾಲಕ್ಕೆ ಪುಣೆಯೆಂದರೆ ಸೈಕಲ್ಲುಗಳ ಊರು. ಕಾರ್ಖಾನೆಗೆ, ಕಾಲೇಜಿಗೆ, ಕಚೇರಿಗೆ ಜನ ಹೋಗುತ್ತಿದ್ದುದು ಅದರ ಮೇಲೆಯೇ. ಆಮೇಲೆ ಆ ಜಾಗವನ್ನು ಸ್ಕೂಟರು, ಬೈಕುಗಳು ಹಿಡಿದವು. ಈಗ ಸೈಕಲ್ಲು ಮರಳಿ ಬಂದಿದೆ. ತಲೆಗೆ ಹೆಲ್ಮೆಟ್ಟು, ಹಿಂದೆ ಮಿನುಗುವ ಕೆಂಪು ದೀಪ. ಖಡಕವಾಸಲಾ ಅಣೆಕಟ್ಟಿನ ತನಕ ಹೋಗಿ ಚಹಾ ಕುಡಿದು ಬರುವವರು ಕೆಲವರು, ಅಲ್ಲಿಂದ ಮುಂದೆ ಸಿಂಹಗಡದ ಘಾಟಿ ಹತ್ತುವವರು ಇನ್ನು ಕೆಲವರು.

ಹತ್ತುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಎಷ್ಟು ನಿಮಿಷವಾಯಿತು, ಯಾವ ಗೇರು, ಎಲ್ಲಿ ಉಸಿರು ಕಟ್ಟಿತು. ಇಳಿಯುವುದರ ಬಗ್ಗೆ ಮಾತು ಕಡಿಮೆ. ಪಿಂಪ್ರಿ-ಚಿಂಚವಾಡದಲ್ಲಿ ವಾಹನಗಳ ಬಿಡಿಭಾಗಗಳ ವಿನ್ಯಾಸ ಮಾಡುವುದು ನನ್ನ ಹೊಟ್ಟೆಪಾಡು. ವಿಜಯಪುರ ಜಿಲ್ಲೆಯ ಊರು ಬಿಟ್ಟು ಬಂದು 19 ವರ್ಷವಾಯಿತು. ವೃತ್ತಿಯ ಚಟವೋ ಏನೋ, ಕಾಲೇಜು ಸೇರಿದ ಮಗಳಿಗೆ ಸೈಕಲ್ಲು ಕಟ್ಟಿಕೊಡುವ ಪ್ರಸಂಗ ಬಂದಾಗ ಗೇರಿನ ಚಿಂತೆ ಆಮೇಲೆ ಮಾಡಿದೆ. ಮೊದಲು ಹಿಡಿದದ್ದು ಬ್ರೇಕಿನ ಪ್ರಶ್ನೆಯನ್ನು.

ಸೈಕಲ್ಲೂ ಮಾಮೂಲಿಯದಲ್ಲ. ವಿದೇಶಕ್ಕೆ ಹೊರಟ ಸಹೋದ್ಯೋಗಿಯೊಬ್ಬರು ಬಿಟ್ಟುಹೋದ ಉಕ್ಕಿನ ಸೈಕ್ಲೋಕ್ರಾಸ್ ಫ್ರೇಮು. ಹಗುರ, ಗಟ್ಟಿ, ಒಂದು ಚೂರೂ ತುಕ್ಕಿಲ್ಲ. ಆದರೆ ಹಳೆಯ ಕಾಲದ್ದು. ಡಿಸ್ಕ್ ಬ್ರೇಕ್ ಕೂರಿಸಲು ಅದರಲ್ಲಿ ಜಾಗವಿಲ್ಲ. ಮುಂದಿನ ಫೋರ್ಕಿಗೆ ಎರಡು, ಹಿಂದಿನ ಕೊಳವೆಗಳಿಗೆ ಎರಡು ಸಣ್ಣ ಗೂಟಗಳನ್ನು ಬೆಸೆದಿದ್ದಾರೆ. ರಿಮ್ಮನ್ನೇ ಹಿಡಿದು ನಿಲ್ಲಿಸುವ ಬ್ರೇಕುಗಳು ಕೂರುವುದು ಆ ಗೂಟಗಳ ಮೇಲೆ.

"ಪಪ್ಪಾ, ಎಲ್ಲಾರ ಸೈಕಲ್ಲಿಗೂ ಡಿಸ್ಕ್ ಅದಾವು. ನಂದಕ್ಕ ಮಾತ್ರ ಯಾಕ ರಬ್ಬರು?" ಎಂದಳು ಮಗಳು. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹುಡುಕಲು ಹೊರಟ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಂಬಯಿ, ಹೈದರಾಬಾದು, ಚೆನ್ನೈಗಳಲ್ಲಿ ಹಳೆಯ ಒಳ್ಳೆಯ ಸೈಕಲ್ಲೊಂದನ್ನು ಮನೆಯ ಬಾಲ್ಕನಿಯಲ್ಲಿ ಇಟ್ಟುಕೊಂಡು ಇದೇ ಯೋಚನೆಯಲ್ಲಿರುವ ನಮ್ಮವರು ಇರಬಹುದು.

ಹೊಲದಲ್ಲಿ ಓಡುವ ಸೈಕಲ್ಲು

ಸೈಕ್ಲೋಕ್ರಾಸ್ ನಮ್ಮ ಕಡೆಯ ಆಟವಲ್ಲ. ಅದು ಹುಟ್ಟಿದ್ದು ಫ್ರಾನ್ಸಿನಲ್ಲಿ, ಬೆಳೆದದ್ದು ಬೆಲ್ಜಿಯಂ ಮತ್ತು ಹಾಲೆಂಡುಗಳ ಕೆಸರಿನಲ್ಲಿ. ಚಳಿಗಾಲದಲ್ಲಿ ರಸ್ತೆ ರೇಸುಗಳಿಲ್ಲದಾಗ ಮೈ ಬಿಗಿ ಸಡಿಲದಂತೆ ಸೈಕಲ್ ಪಟುಗಳು ಹೊಲ, ತೋಟ, ಬೇಲಿ ದಾಟಿ ಓಡಿಸುತ್ತಿದ್ದರು. ಅದೇ ಆಟವಾಯಿತು. ಫ್ರಾನ್ಸಿನಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆದದ್ದು 1902ರಲ್ಲಿ. 1910ರ ಟೂರ್ ಡಿ ಫ್ರಾನ್ಸ್ ಗೆದ್ದ ಆಕ್ಟಾವ್ ಲಾಪಿಜ್ ತನ್ನ ಗೆಲುವಿಗೆ ಈ ಕೆಸರಿನ ಅಭ್ಯಾಸವೂ ಕಾರಣ ಎಂದ ಮೇಲೆ ಆಟಕ್ಕೆ ಬೆಲೆ ಬಂತು. ಮೊದಲ ವಿಶ್ವ ಚಾಂಪಿಯನ್‌ಶಿಪ್ 1950ರಲ್ಲಿ ಪ್ಯಾರಿಸ್ಸಿನಲ್ಲಿ ನಡೆಯಿತು; ಗೆದ್ದವರು ಫ್ರಾನ್ಸಿನ ಜಾಂ ರೋಬಿಕ್.

ನೋಡಲು ಇದು ರಸ್ತೆ ರೇಸಿನ ಸೈಕಲ್ಲಿನ ಹಾಗೆಯೇ ಇರುತ್ತದೆ. ಕುರಿಯ ಕೊಂಬಿನಂತೆ ಬಾಗಿದ ಹ್ಯಾಂಡಲ್, ತೆಳ್ಳನೆಯ ಮೈ. ವ್ಯತ್ಯಾಸ ಟೈರಿನಲ್ಲಿದೆ. ಮುಳ್ಳುಮುಳ್ಳಾದ ಟೈರು ಸ್ವಲ್ಪ ಅಗಲ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ 33 ಮಿಲಿಮೀಟರ್ ಮೀರುವಂತಿಲ್ಲ. ಟೈರಿನ ಸುತ್ತ ಫ್ರೇಮಿನಲ್ಲಿ ಧಾರಾಳ ಖಾಲಿ ಜಾಗ ಬಿಟ್ಟಿರುತ್ತಾರೆ. ಆ ಜಾಗ ಕೆಸರಿಗೆ. ಚಕ್ರಕ್ಕೆ ಮೆತ್ತಿದ ಮಣ್ಣು ಫ್ರೇಮಿಗೂ ಬ್ರೇಕಿಗೂ ಸಿಕ್ಕಿಹಾಕಿಕೊಂಡರೆ ಸೈಕಲ್ಲು ನಿಂತೇಹೋಗುತ್ತದೆ. ದಾಟಲಾಗದ ಕಡೆ ಸವಾರ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ ಓಡುತ್ತಾನೆ. ಅದೂ ಆಟದ ಭಾಗವೇ.

ಈ ಆಟದಲ್ಲಿ ದಶಕಗಳ ಕಾಲ ರಿಮ್ ಬ್ರೇಕುಗಳೇ ಇದ್ದವು. ಡಿಸ್ಕ್ ಬ್ರೇಕಿಗೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಅನುಮತಿ ಕೊಟ್ಟದ್ದು 2010ರಲ್ಲಿ. ಅದಕ್ಕಿಂತ ಹಿಂದೆ ತಯಾರಾದ ಒಳ್ಳೊಳ್ಳೆಯ ಫ್ರೇಮುಗಳು ಈಗ ಕಡಿಮೆ ಬೆಲೆಗೆ ಕೈ ಬದಲಾಗುತ್ತಿವೆ. ರಸ್ತೆಯ ಮೇಲೂ ಓಡುವ, ಕಚ್ಚಾ ದಾರಿಗೂ ಹೆದರದ ಸೈಕಲ್ಲು ಬೇಕಾದವರಿಗೆ ಅದಕ್ಕಿಂತ ಒಳ್ಳೆಯ ಸಾಮಾನು ಸಿಗುವುದು ಕಷ್ಟ.

ಹಾಗಾದರೆ ಡಿಸ್ಕ್ ಯಾಕಲ್ಲ?

ಹೊಸ ಸೈಕಲ್ಲು ಕೊಳ್ಳುವವರು ಡಿಸ್ಕ್ ಬ್ರೇಕಿನದ್ದನ್ನೇ ಕೊಳ್ಳಲಿ. ಇದರಲ್ಲಿ ವಾದವಿಲ್ಲ. ನೀರಿನಲ್ಲಿ ಅದು ಬೇಗ ಹಿಡಿಯುತ್ತದೆ, ಟೈರಿನ ಕೆಸರಿನಿಂದ ದೂರವಿರುತ್ತದೆ, ರಿಮ್ಮು ಸವೆಯುವುದಿಲ್ಲ. ಆದರೆ ಹಳೆಯ ಫ್ರೇಮಿಗೆ ಡಿಸ್ಕ್ ಹಾಕುವುದೆಂದರೆ ಬರೀ ಬ್ರೇಕ್ ಬದಲಿಸಿದಂತಲ್ಲ. ಫೋರ್ಕ್ ಬೇರೆ ಬೇಕು, ಎರಡೂ ಚಕ್ರಗಳ ಹಬ್ ಬೇರೆ ಬೇಕು, ಹಿಂದಿನ ತೆಳು ಕೊಳವೆಗೆ ಹೊಸ ಕೊಂಡಿ ಬೆಸೆಯಬೇಕು. ಡಿಸ್ಕ್ ಹಿಡಿದಾಗ ಆ ಕೊಳವೆಯ ಒಂದೇ ಜಾಗದಲ್ಲಿ ಬಲ ಬೀಳುತ್ತದೆ. ಅದನ್ನು ತಡೆಯುವಂತೆ ಆ ಕೊಳವೆಯನ್ನು ಮೊದಲು ಮಾಡಿಯೇ ಇಲ್ಲ. ಮೂಲೆಯ ವೆಲ್ಡಿಂಗ್ ಅಂಗಡಿಯಲ್ಲಿ ಕೊಂಡಿ ಬೆಸೆಸಿಕೊಂಡವರನ್ನು ನೋಡಿದ್ದೇನೆ. ನನ್ನ ಮಗಳು ಕೂರುವ ಸೈಕಲ್ಲಿಗೆ ಆ ಕೆಲಸ ಬೇಡವೆಂದು ಮೊದಲ ದಿನವೇ ನಿರ್ಧರಿಸಿದೆ.

ಉಳಿದದ್ದು ರಿಮ್ ಬ್ರೇಕು. ಅದರಲ್ಲಿ ಯಾವುದು?

ಹಗ್ಗದ ಲೆಕ್ಕ

ಪೇಟೆಯ ಒಳಗಲ್ಲಿಯೊಂದರಲ್ಲಿ ನಾನು ಹೋಗುವ ಸೈಕಲ್ ಮೆಕ್ಯಾನಿಕ್ ಇದ್ದಾರೆ. ಅಕ್ಕಲಕೋಟೆಯ ಕಡೆಯವರು. ಗಿರಾಕಿಗಳ ಜೊತೆ ಮರಾಠಿ, ನನ್ನ ಜೊತೆ ಕನ್ನಡ. ಸೊಲ್ಲಾಪುರ ಸೀಮೆಯ ಕನ್ನಡ ಕಿವಿಗೆ ಬಿದ್ದರೆ ನನಗೆ ಅರ್ಧ ಊರಿಗೆ ಹೋಗಿಬಂದ ಹಾಗೆ. ಯಾವ ಬ್ರೇಕ್ ಜೋರು ಹಿಡಿಯುತ್ತದೆ ಕಾಕಾ ಎಂದು ಕೇಳಿದರೆ ಅವರು ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿದರು. "ಕೈ ತೋರ್ಸವ್ವಾ. ಸರ, ಬ್ರೇಕ್ ಹಾಕೂದು ಸೈಕಲ್ ನೋಡಿ ಅಲ್ಲ, ಕೈ ನೋಡಿ."

ಆ ಮಾತಿನಲ್ಲಿ ಇಡೀ ಲೆಕ್ಕವಿದೆ. ಬ್ರೇಕಿನ ಲಿವರ್ ಒತ್ತಿದಾಗ ಅದು ಎಳೆಯುವ ಕೇಬಲ್ ಕೆಲವೇ ಮಿಲಿಮೀಟರ್. ಅಷ್ಟನ್ನೇ ನಾವು ಎರಡು ರೀತಿ ಖರ್ಚು ಮಾಡಬಹುದು. ರಬ್ಬರು ದೂರದಿಂದ ಬಂದು ರಿಮ್ಮು ಮುಟ್ಟುವಂತೆ ಮಾಡಬಹುದು. ಆಗ ನಡುವೆ ಕೆಸರಿಗೆ ಜಾಗ ಸಿಗುತ್ತದೆ, ಒತ್ತುವ ಬಲ ಕಡಿಮೆಯಾಗುತ್ತದೆ. ಇಲ್ಲವೇ ರಬ್ಬರನ್ನು ರಿಮ್ಮಿನ ಹತ್ತಿರವೇ ಇಟ್ಟು ಬಲ ಹೆಚ್ಚಿಸಬಹುದು. ಆಗ ಕೆಸರಿಗೆ ಜಾಗವಿಲ್ಲ. ಸನ್ನೆಗೋಲು ಹಾಕಿ ಬಂಡೆ ಎತ್ತಿದವರಿಗೆ ಇದು ಗೊತ್ತು. ಕೈ ಹೆಚ್ಚು ದೂರ ಓಡಿದರೆ ಬಂಡೆ ಸುಲಭವಾಗಿ ಏಳುತ್ತದೆ, ಆದರೆ ಸ್ವಲ್ಪವೇ ಏಳುತ್ತದೆ.

ಸಣ್ಣ ಕೈಯವರಿಗೆ ಇನ್ನೊಂದು ತೊಡಕು. ಬೆರಳು ಮುಟ್ಟಲೆಂದು ಲಿವರನ್ನು ಹ್ಯಾಂಡಲಿನ ಹತ್ತಿರ ತಂದರೆ ಅದು ಓಡುವ ದೂರವೇ ಕಡಿಮೆಯಾಗುತ್ತದೆ. ಅಂದರೆ ಖರ್ಚು ಮಾಡಲು ಸಿಗುವ ಕೇಬಲ್ ಇನ್ನೂ ಕಡಿಮೆ. ನನ್ನ ಕೈಗೆ ಸರಿಹೋದ ಬ್ರೇಕು ಮಗಳ ಕೈಯಲ್ಲಿ ಲಿವರ್ ಹ್ಯಾಂಡಲಿಗೆ ತಾಗಿದರೂ ಪೂರ್ತಿ ಹಿಡಿಯದೆ ಹೋಗಬಹುದು.

ಮೂರು ಬಗೆ

ಆ ಗೂಟಗಳ ಮೇಲೆ ಕೂರುವ ಬ್ರೇಕುಗಳು ಮುಖ್ಯವಾಗಿ ಮೂರು.

ಮೊದಲನೆಯದು ಕ್ಯಾಂಟಿಲಿವರ್. ಸೈಕ್ಲೋಕ್ರಾಸಿನ ಹಳೆಯ ಮನೆತನ ಇದು. ಎರಡು ಗಿಡ್ಡ ತೋಳು, ಅವೆರಡನ್ನೂ ಟೈರಿನ ಮೇಲಿನಿಂದ ಜೋಡಿಸುವ ಒಂದು ಅಡ್ಡ ತಂತಿ, ಆ ತಂತಿಯ ನಡುವನ್ನು ಮೇಲಕ್ಕೆ ಎಳೆಯುವ ಮುಖ್ಯ ಕೇಬಲ್. ಇದರ ಗುಟ್ಟು ಅಡ್ಡ ತಂತಿಯ ಕೋನದಲ್ಲಿದೆ. ಮನೆಯಲ್ಲಿ ಬಟ್ಟೆ ಒಣಹಾಕುವ ತಂತಿಯನ್ನು ನೆನಪಿಸಿಕೊಳ್ಳಿ. ಬಿಗಿಯಾಗಿ ನೇರ ಕಟ್ಟಿದ ತಂತಿಯ ನಡುವೆ ಒಂದು ಒದ್ದೆ ಸೀರೆ ಹಾಕಿದರೂ ಗೋಡೆಯ ಮೊಳೆ ಕಿತ್ತುಬರುತ್ತದೆ. ಅದೇ ತಂತಿ ಸಡಿಲವಾಗಿ ಜೋತುಬಿದ್ದಿದ್ದರೆ ಮೊಳೆಗೆ ಅಷ್ಟು ಜಗ್ಗಾಟವಿಲ್ಲ. ಇಲ್ಲಿಯೂ ಹಾಗೆಯೇ. ಅಡ್ಡ ತಂತಿ ಟೈರಿನ ಹತ್ತಿರ ಚಪ್ಪಟೆಯಾಗಿದ್ದರೆ ತೋಳುಗಳಿಗೆ ಬಲ ಜಾಸ್ತಿ, ಓಟ ಕಡಿಮೆ. ಎತ್ತರಕ್ಕೆ ಚೂಪಾಗಿದ್ದರೆ ಓಟ ಜಾಸ್ತಿ, ಬಲ ಕಡಿಮೆ. ಒಂದೇ ಬ್ರೇಕನ್ನು ಬೇಕಾದಂತೆ ಹೊಂದಿಸಿಕೊಳ್ಳಬಹುದು. ಕೆಸರಿಗೆ ಇಷ್ಟು ಜಾಗ ಕೊಡುವ ರಿಮ್ ಬ್ರೇಕು ಬೇರೆ ಇಲ್ಲ.

ತೊಂದರೆಗಳೂ ಇವೆ. ಮುಖ್ಯ ಕೇಬಲ್ ಹರಿದರೆ ಅಡ್ಡ ತಂತಿ ಟೈರಿನ ಮೇಲೆ ಬೀಳಬಹುದು. ಮುಳ್ಳು ಟೈರು ಅದನ್ನು ಕಚ್ಚಿದರೆ ಮುಂದಿನ ಚಕ್ರ ಗಕ್ಕನೆ ನಿಂತು ಸವಾರ ಮುಗ್ಗರಿಸುತ್ತಾನೆ. ತಂತಿ ಬೀಳದಂತೆ ತಡೆಯಲು ಫೋರ್ಕಿನ ಮೇಲೊಂದು ರಿಫ್ಲೆಕ್ಟರ್ ಪಟ್ಟಿಯೋ ಮಡ್‌ಗಾರ್ಡೋ ಇರಲೇಬೇಕು. ಇನ್ನೊಂದು, ಮುಂದಿನ ಬ್ರೇಕ್ ಹಿಡಿದಾಗ ಫೋರ್ಕು ಗಡಗಡ ನಡುಗುವುದು. ಕೇಬಲ್ಲಿನ ಹೊರಕೋಟು ನಿಲ್ಲುವ ಜಾಗ ಹ್ಯಾಂಡಲಿನ ಬುಡದಲ್ಲಿದೆ, ಬ್ರೇಕು ಕೆಳಗೆ ಫೋರ್ಕಿನಲ್ಲಿದೆ. ಬ್ರೇಕ್ ಹಿಡಿದಾಗ ಫೋರ್ಕು ಕೊಂಚ ಹಿಂದಕ್ಕೆ ಬಾಗುತ್ತದೆ. ಬಾಗಿದಾಗ ಕೇಬಲ್ ತಾನಾಗಿ ಬಿಗಿಯುತ್ತದೆ, ಬ್ರೇಕು ಇನ್ನೂ ಹಿಡಿಯುತ್ತದೆ, ಫೋರ್ಕು ಇನ್ನೂ ಬಾಗುತ್ತದೆ, ಜಾರಿ ಮರಳುತ್ತದೆ, ಮತ್ತೆ ಹಿಡಿಯುತ್ತದೆ. ಕೇಬಲ್ ನಿಲ್ಲುವ ಕೊಂಡಿಯನ್ನು ಫೋರ್ಕಿನ ತಲೆಗೇ ಇಳಿಸಿದರೆ ಈ ನಡುಕ ಬಹುಮಟ್ಟಿಗೆ ಹೋಗುತ್ತದೆ.

ಎರಡನೆಯದು ವಿ-ಬ್ರೇಕ್. 1990ರ ದಶಕದ ನಡುವೆ ಶಿಮಾನೊ ಕಂಪನಿ ಬೆಟ್ಟದ ಸೈಕಲ್ಲುಗಳಿಗೆ ತಂದದ್ದು. ಇಂದು ನಮ್ಮ ಮಕ್ಕಳ ಸೈಕಲ್ಲುಗಳಲ್ಲೂ ಇದೇ ಇದೆ. ಉದ್ದನೆಯ ಎರಡು ತೋಳುಗಳ ತುದಿಯನ್ನು ಕೇಬಲ್ ಅಡ್ಡಡ್ಡವಾಗಿ ಒಂದಕ್ಕೊಂದು ಎಳೆಯುತ್ತದೆ. ಜೋರಾಗಿ ಹಿಡಿಯುತ್ತದೆ, ಹೊಂದಿಸುವುದು ಸುಲಭ, ಕೇಬಲ್ ಹರಿದರೂ ಟೈರಿಗೆ ಸಿಕ್ಕುವ ಅಡ್ಡ ತಂತಿಯಿಲ್ಲ. ಆದರೆ ಅದಕ್ಕೆ ಹೆಚ್ಚು ಕೇಬಲ್ ಎಳೆಯುವ ಲಿವರ್ ಬೇಕು. ಬಾಗಿದ ಹ್ಯಾಂಡಲಿನ ಸಾಮಾನ್ಯ ಲಿವರ್ ಅಷ್ಟು ಎಳೆಯುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ತೋಳಿನ ಉದ್ದ 107 ಮಿ.ಮೀ., ಗೂಟದಿಂದ ರಬ್ಬರಿನ ತನಕ 28 ಮಿ.ಮೀ. ಎಂದುಕೊಳ್ಳಿ. ರಬ್ಬರು 1 ಮಿ.ಮೀ. ಸರಿಯಬೇಕಾದರೆ ತೋಳಿನ ತುದಿ ಸುಮಾರು 3.8 ಮಿ.ಮೀ. ಸರಿಯಬೇಕು. ಎರಡು ತೋಳು, ಎರಡೂ ಕಡೆ 2 ಮಿ.ಮೀ. ಅಂತರ ಎಂದರೆ ಬರೀ ರಿಮ್ಮು ಮುಟ್ಟಲು 15 ಮಿ.ಮೀ. ಕೇಬಲ್ ಹೋಯಿತು. ಅಷ್ಟರಲ್ಲಿ ರಸ್ತೆ ಸೈಕಲ್ಲಿನ ಲಿವರ್ ಹ್ಯಾಂಡಲಿಗೆ ಬಂದು ತಾಗುತ್ತದೆ. ನಡುವೆ ಒಂದು ರಾಟೆ ಹಾಕಿ ಕೇಬಲ್ಲಿನ ಓಟ ಹೆಚ್ಚಿಸುವ ಉಪಾಯವೂ ಇದೆ. ಆದರೆ ಕೇಬಲ್ ಸವೆಯಲು ಅದು ಇನ್ನೊಂದು ಜಾಗ.

ಮೂರನೆಯದು ಮಿನಿ-ವಿ. ಅದೇ ವಿ-ಬ್ರೇಕು, ತೋಳು ಮಾತ್ರ ಗಿಡ್ಡ, 80ರಿಂದ 90 ಮಿ.ಮೀ. 85 ಮಿ.ಮೀ. ತೋಳಿಗೆ ಮೇಲಿನ ಲೆಕ್ಕವನ್ನೇ ಹಾಕಿದರೆ 15ರ ಜಾಗದಲ್ಲಿ 12 ಮಿ.ಮೀ. ಸಾಕು, ಅಂತರವನ್ನು 1 ಮಿ.ಮೀ.ಗೆ ಇಳಿಸಿದರೆ 6 ಮಿ.ಮೀ. ಈಗ ರಸ್ತೆ ಲಿವರಿಗೂ ನಿಲುಕುತ್ತದೆ. ಹಿಡಿತ ಬಿಗಿ. ಕೇಬಲ್ಲಿನ ಹೊರಕೋಟು ನೇರವಾಗಿ ಬ್ರೇಕಿನ ತೋಳಿಗೇ ಬಂದು ನಿಲ್ಲುವುದರಿಂದ ಮೇಲೆ ಹೇಳಿದ ನಡುಕವೂ ಇಲ್ಲ. ಬೆಲೆ ಮಾತ್ರ ಅಂತರದಲ್ಲಿ ತೆರಬೇಕು. ರಬ್ಬರು ರಿಮ್ಮಿಗೆ ಅಂಟಿಕೊಂಡಂತೆ ಕೂರಬೇಕು, ಚಕ್ರ ಕೊಂಚವೂ ಔಟ್ ಇರಬಾರದು, ಮೇಲಿನ ಕೇಬಲ್ ಟೈರಿಗೆ ತೀರಾ ಹತ್ತಿರ. 33 ಮಿ.ಮೀ. ಟೈರು ಹಾಕಿದ ಮೇಲೆ ಮಡ್‌ಗಾರ್ಡಿಗೆ ಜಾಗವೇ ಉಳಿಯುವುದಿಲ್ಲ.

ರೇಸಿನವರ ಆಯ್ಕೆ ನಮ್ಮದಲ್ಲ

ಇಷ್ಟು ತಿಳಿದ ಮೇಲೆ ಒಂದು ಸಂಶಯ ಬಂತು. ಬಲ ಕಡಿಮೆಯಿರುವ ಕ್ಯಾಂಟಿಲಿವರನ್ನೇ ಬೆಲ್ಜಿಯಂನ ಗಟ್ಟಿಗರು ಇಷ್ಟು ವರ್ಷ ಯಾಕೆ ಹಿಡಿದುಕೊಂಡರು?

ಅವರ ಕೆಲಸ ಬೇರೆ. ದೊಡ್ಡವರ ಸ್ಪರ್ಧೆಯೆಂದರೆ ಸುಮಾರು ಒಂದು ತಾಸು. ಕೆಸರಿನಲ್ಲಿ ಸೈಕಲ್ಲಿಗೆ ವೇಗವೇ ಕಡಿಮೆ. ತಿರುವಿಗೆ ಮುಂಚೆ ಸ್ವಲ್ಪ ವೇಗ ಇಳಿದರೆ ಸಾಕು. ಹೆಚ್ಚು ಹಿಡಿದರೆ ಚಕ್ರ ಜಾರಿ ಬೀಳುತ್ತಾರೆ. ದಾರಿಯ ಪಕ್ಕದಲ್ಲಿ ಇನ್ನೊಂದು ಸೈಕಲ್ಲು ಹಿಡಿದು ಸಹಾಯಕರು ನಿಂತಿರುತ್ತಾರೆ. ಕೆಸರಾದದ್ದನ್ನು ಕೊಟ್ಟು, ತೊಳೆದದ್ದನ್ನು ಏರಿ ಸವಾರ ಮುಂದೆ ಹೋಗುತ್ತಾನೆ. ಅವನು ಮತ್ತೊಂದು ಸುತ್ತು ಬರುವಷ್ಟರಲ್ಲಿ ಮೊದಲಿನದನ್ನು ನೀರಿನ ಪಂಪು ಹಿಡಿದು ತೊಳೆದಿರುತ್ತಾರೆ.

ನನ್ನ ಮಗಳಿಗೆ ಇರುವುದು ಒಂದೇ ಸೈಕಲ್ಲು. ಅವಳು ಬೆಳಿಗ್ಗೆ ಹೋಗುವ ದಾರಿಯಲ್ಲಿ ಸಿಟಿ ಬಸ್ಸು ತಟ್ಟನೆ ಎಡಕ್ಕೆ ಸರಿಯುತ್ತದೆ, ರಿಕ್ಷಾ ಕೈ ತೋರಿಸದೆ ನಿಲ್ಲುತ್ತದೆ. ಭಾನುವಾರ ಸಿಂಹಗಡದಿಂದ ಇಳಿಯುವಾಗ ಎಂಟೊಂಬತ್ತು ಕಿಲೋಮೀಟರ್ ಘಾಟಿ. ಕೋಟೆ ಇರುವುದು ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿ. ತಿರುವಿಗೊಂದು ಜೀಪು, ಮಳೆಗಾಲದಲ್ಲಿ ಮಂಜು, ರಸ್ತೆಗೆ ಅಡ್ಡ ಹರಿಯುವ ನೀರು. ಇಲ್ಲಿ ವೇಗ ಇಳಿಸುವ ಬ್ರೇಕಲ್ಲ, ನಿಲ್ಲಿಸುವ ಬ್ರೇಕು ಬೇಕು. ಸಾಮಾನು ಆರಿಸುವಾಗ ಅದನ್ನು ಯಾರು ಬಳಸುತ್ತಾರೆ ಎನ್ನುವುದಕ್ಕಿಂತ ಯಾವ ದಾರಿಯಲ್ಲಿ ಬಳಸುತ್ತಾರೆ ಎಂದು ಕೇಳುವುದು ಒಳ್ಳೆಯದು.

ಮುಂದೊಂದು, ಹಿಂದೊಂದು

ಎರಡೂ ಕಡೆ ಒಂದೇ ಬ್ರೇಕ್ ಇರಬೇಕೆಂಬ ನಿಯಮವಿಲ್ಲ. ಬ್ರೇಕ್ ಹಿಡಿದಾಗ ಸವಾರನ ಭಾರ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಒಣ ರಸ್ತೆಯಲ್ಲಿ ಸೈಕಲ್ಲನ್ನು ನಿಜಕ್ಕೂ ನಿಲ್ಲಿಸುವುದು ಮುಂದಿನ ಬ್ರೇಕೇ. ಹಿಂದಿನದಕ್ಕೆ ಎಷ್ಟೇ ಬಲ ಕೊಟ್ಟರೂ ಚಕ್ರ ಜಾರುತ್ತದೆ, ಅಷ್ಟೇ. ಹೀಗಾಗಿ ಬಲವೆಲ್ಲ ಮುಂದೆ ಬೇಕು, ಹಿಂದೆ ಸಾಧಾರಣ ಸಾಕು. ಕೆಸರಿನ ಕಥೆ ತಿರುಗಾಮುರುಗಾ. ಪೆಡಲಿನ ಹಿಂದೆ, ಸೀಟಿನ ಕೆಳಗೆ ಕೊಳವೆಗಳು ಹತ್ತಿರ ಬರುವ ಕಡೆ ಅದು ಹೆಚ್ಚು ತುಂಬಿಕೊಳ್ಳುತ್ತದೆ.

ಮುಂದೆ 85 ಮಿ.ಮೀ. ತೋಳಿನ ಮಿನಿ-ವಿ, ಹಿಂದೆ ಕ್ಯಾಂಟಿಲಿವರ್ ಎಂದು ತೀರ್ಮಾನವಾಯಿತು. ಮಿನಿ-ವಿಯಲ್ಲೇ 90 ಮಿ.ಮೀ.ನದ್ದು ಸಿಗುತ್ತಿತ್ತು, ಟೈರಿನ ಮೇಲೆ ಒಂದಿಷ್ಟು ಜಾಗವೂ ಉಳಿಯುತ್ತಿತ್ತು. ಆದರೆ ಮಗಳ ಬೆರಳಿಗೆಂದು ಲಿವರನ್ನು ಒಳಕ್ಕೆ ತಂದಿದ್ದೆವು. ಸಿಗುವ ಕೇಬಲ್ ಕಡಿಮೆ ಇದ್ದಾಗ ಗಿಡ್ಡ ತೋಳೇ ಸರಿ. ಹಿಂದಿನ ಕ್ಯಾಂಟಿಲಿವರಿನಲ್ಲೂ ಎರಡು ಜಾತಿಯಿವೆ: ರೆಕ್ಕೆ ಬಿಚ್ಚಿದಂತೆ ಅಗಲಕ್ಕೆ ಚಾಚಿದವು, ಮೈಗೆ ಅಂಟಿಕೊಂಡು ನಿಂತವು. ಫ್ರೇಮು ಚಿಕ್ಕದಾದ್ದರಿಂದ ಅಗಲ ರೆಕ್ಕೆಯದು ಪೆಡಲ್ ತುಳಿಯುವಾಗ ಮೀನಖಂಡಕ್ಕೆ ತಾಗುತ್ತದೆ. ಹಾಗಾಗಿ ಒಳಸರಿದದ್ದನ್ನು ಹಾಕಿ, ಅಡ್ಡ ತಂತಿಯನ್ನು ತುಸು ಎತ್ತರಕ್ಕೆ ಕಟ್ಟಿ, ರಬ್ಬರಿಗೂ ರಿಮ್ಮಿಗೂ ನಡುವೆ ಜಾಗ ಬಿಟ್ಟೆವು.

ಕಾಕಾ ಅರ್ಧ ದಿನ ಅದರ ಮೇಲೆ ಕೂತರು. ರಬ್ಬರಿನ ಮುಂತುದಿ ಮೊದಲು ರಿಮ್ಮು ಮುಟ್ಟುವಂತೆ ಹಿಂತುದಿಯ ಕೆಳಗೆ ರಟ್ಟಿನ ಚೂರು ಇಟ್ಟು ಬಿಗಿದರು. ಕಿರುಚುವುದು ಇದರಿಂದ ನಿಲ್ಲುತ್ತದೆ. ರಬ್ಬರನ್ನು ರಿಮ್ಮಿನ ಮೇಲಂಚಿಗೆ ಹತ್ತಿರ ಕೂರಿಸಿದರು. ಗೂಟ ರಿಮ್ಮಿಗಿಂತ ಕೆಳಗಿರುವುದರಿಂದ ರಬ್ಬರು ಸವೆದಂತೆಲ್ಲ ಕೆಳಕ್ಕೆ ಜಾರುತ್ತ ಹೋಗುತ್ತದೆ. ಕಡೆಗೆ ರಿಮ್ಮು ತಪ್ಪಿ ಕಡ್ಡಿಗಳ ನಡುವೆ ನುಗ್ಗಬಹುದು. "ಮ್ಯಾಲ ಕುಂದ್ರಸ್ರಿ, ಆದ್ರ ಟೈರಿಗೆ ತಾಗಬಾರದು. ತಾಗಿತಂದ್ರ ಟೈರ್ ಕೊಯ್ತದ" ಎಂದು ಮಗಳ ಕೈಯಲ್ಲೇ ಪಾನಾ ಕೊಟ್ಟು ಇನ್ನೊಂದು ಕಡೆಯದನ್ನು ಬಿಗಿಸಿದರು.

ಮಳೆಯ ಇಳಿಜಾರು

ಜುಲೈನಲ್ಲಿ ಘಾಟಿಯ ಮೇಲೆ ಪರೀಕ್ಷೆ. ಒದ್ದೆ ರಿಮ್ಮಿನ ಗುಣವೇನೆಂದರೆ, ಲಿವರ್ ಒತ್ತಿದ ಕೂಡಲೇ ಏನೂ ಆಗುವುದಿಲ್ಲ. ಚಕ್ರ ಒಂದೆರಡು ಸುತ್ತು ತಿರುಗಿ ರಬ್ಬರು ನೀರನ್ನು ಒರೆಸಿದ ಮೇಲೆ ಒಮ್ಮೆಗೇ ಹಿಡಿಯುತ್ತದೆ. ಹೊಸಬರು ಹೆದರುವುದು ಆ ಮೊದಲ ಗಳಿಗೆಯಲ್ಲಿ. ಹೆದರಿ ಜೋರಾಗಿ ಒತ್ತಿದರೆ ಆಮೇಲೆ ಚಕ್ರ ಜಾರುತ್ತದೆ. ತಿರುವು ಕಾಣುವ ಮೊದಲೇ ಲಿವರನ್ನು ಮೆಲ್ಲಗೆ ಮುಟ್ಟಿ ರಿಮ್ಮು ಒರೆಸಿಟ್ಟುಕೊಳ್ಳಬೇಕು. ನಮ್ಮ ಅಪ್ಪನ ಕಾಲದ ರಾಡ್ ಬ್ರೇಕಿನ ಸೈಕಲ್ಲಿನ ಕ್ರೋಮಿಯಂ ಲೇಪದ ಉಕ್ಕಿನ ರಿಮ್ಮು ಮಳೆಯಲ್ಲಿ ಹಿಡಿಯುತ್ತಲೇ ಇರಲಿಲ್ಲ. ಚಪ್ಪಲಿಯನ್ನು ನೆಲಕ್ಕೆ ಒತ್ತುವುದೇ ನಿಜವಾದ ಬ್ರೇಕಾಗಿತ್ತು. ಅಲ್ಯೂಮಿನಿಯಂ ರಿಮ್ಮು ಆ ಲೆಕ್ಕಕ್ಕೆ ಬಹಳ ವಾಸಿ. ಮಳೆಗೆಂದೇ ಮಾಡಿದ ಮೆತ್ತನೆಯ ಇಟ್ಟಿಗೆ ಬಣ್ಣದ ರಬ್ಬರುಗಳೂ ಸಿಗುತ್ತವೆ. ಒಂದು ಜೊತೆಯ ಬೆಲೆ ಕೇಳಿ ಹುಬ್ಬೇರಿಸಿದರೂ ನಾನು ಅವನ್ನೇ ಹಾಕಿಸಿದೆ.

ಉದ್ದ ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮ ಒತ್ತಿಹಿಡಿದರೆ ರಿಮ್ಮು ಕಾಯುತ್ತದೆ. ಕಾದ ರಿಮ್ಮು ಟ್ಯೂಬನ್ನೂ ಒಡೆಯಬಲ್ಲದು. ಒತ್ತಿ, ಬಿಟ್ಟು, ಮತ್ತೆ ಒತ್ತಿ ಇಳಿಯಬೇಕು. ಮಗಳು ಮುಂದೆ, ನಾನು ಹಿಂದೆ. ಮಂಜಿನಲ್ಲಿ ಅವಳ ಹಿಂದೀಪ ಒಂದೊಂದು ತಿರುವಿಗೂ ಮರೆಯಾಗಿ ಮತ್ತೆ ಕಾಣಿಸುತ್ತಿತ್ತು. ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಎದುರಿನ ಜೀಪು ರಸ್ತೆಯ ಮುಕ್ಕಾಲು ಪಾಲು ನುಂಗಿಕೊಂಡು ಬಂತು. ಅವಳ ದೀಪ ಅಲುಗಾಡದೆ ಅಂಚಿನಲ್ಲಿ ನಿಂತಿತು. ಕಾಲು ಕೆಳಗಿಟ್ಟು, ಜೀಪು ಹೋದ ಮೇಲೆ ಹೊರಟಳು. ನನ್ನ ಎದೆ ಬಡಿದುಕೊಳ್ಳುತ್ತಿದ್ದುದು ಅವಳಿಗೆ ಗೊತ್ತಾಗಲಿಲ್ಲ. ಕೆಳಗೆ ಬಂದ ಮೇಲೆ ಅವಳು ಹೇಳಿದ್ದು ಇಷ್ಟೇ: "ಎರಡ ಬೆರಳ ಸಾಕಾದ್ವು ಪಪ್ಪಾ."

ಊರಿನ ಎರೆಮಣ್ಣು

ಪುಣೆಯೂ ವಿಜಯಪುರವೂ ಒಂದೇ ದಖ್ಖನ್ನಿನ ಕರಿಕಲ್ಲಿನ ಹಾಸಿನ ಮೇಲಿವೆ. ಆ ಕಲ್ಲು ಸವೆದು ಆದದ್ದೇ ನಮ್ಮ ಎರೆಮಣ್ಣು. ನಮ್ಮ ಕಡೆ ಸೈಕಲ್ಲಿಗೆ ಹೊಸದಾಗಿ ಹೇಳಿಕೊಡಬೇಕಾದದ್ದೇನಿಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟ ನೆಲ. ಆದರೆ ಅವರು ಓಡಿಸುವುದು ಡಾಂಬರಿನ ಮೇಲೆ. ಮಳೆ ಬಿದ್ದ ಎರೆಹೊಲದ ದಾರಿಯಲ್ಲಿ ಯಾವ ಸೈಕಲ್ಲಿನದೂ ನಡೆಯುವುದಿಲ್ಲ.

ಬೆಲ್ಜಿಯಂನ ಕೆಸರು ತೆಳ್ಳಗೆ ಹಾರಿ ಬೀಳುತ್ತದೆ ಎಂದುಕೊಂಡರೂ ನಮ್ಮದು ಹಾಗಲ್ಲ. ಸುತ್ತಿದಂತೆಲ್ಲ ರೊಟ್ಟಿಯ ಹಿಟ್ಟಿನ ಹಾಗೆ ಟೈರಿಗೆ ಮೆತ್ತಿಕೊಂಡು ಬೆಳೆಯುತ್ತದೆ. ಹತ್ತು ಮಾರು ಹೋಗುವಷ್ಟರಲ್ಲಿ ಮಿನಿ-ವಿಯ ಸಂದಿ ಮುಚ್ಚುತ್ತದೆ, ಇಪ್ಪತ್ತು ಮಾರಿಗೆ ಕ್ಯಾಂಟಿಲಿವರಿನದೂ ಮುಚ್ಚುತ್ತದೆ. ಡಿಸ್ಕ್ ಇದ್ದರೂ ಫೋರ್ಕಿನ ತಲೆಗೆ ಮಣ್ಣು ಕಟ್ಟಿ ಚಕ್ರ ನಿಲ್ಲುತ್ತದೆ. ಆಗ ತುಳಿಯುತ್ತ ಹಠ ಮಾಡಿದರೆ ಚೈನು ಹೋಗುತ್ತದೆ, ಇಲ್ಲವೇ ಗೇರಿನ ಕೊಂಡಿ ಮುರಿಯುತ್ತದೆ. ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ ನಡೆಯುವುದೇ ದಾರಿ. ಆ ಮಟ್ಟಿಗೆ ನಮ್ಮೂರಿನ ರೈತರೆಲ್ಲ ಹುಟ್ಟಾ ಸೈಕ್ಲೋಕ್ರಾಸ್ ಆಟಗಾರರು.

ಒಣಗಿದ ಮೇಲೆ ಇನ್ನೊಂದು ಕೆಲಸ. ಮಣ್ಣಿನೊಳಗಿನ ಕಲ್ಲಿನ ಪುಡಿ ರಬ್ಬರಿಗೆ ಹೂತುಕೊಂಡು ರಿಮ್ಮನ್ನು ಮರಳುಕಾಗದದಂತೆ ಉಜ್ಜುತ್ತದೆ. ಬ್ರೇಕ್ ಹಿಡಿದಾಗ ಕರಕರ ಸದ್ದು ಬಂದರೆ ಅದು ರಿಮ್ಮಿನ ಆಯುಷ್ಯ ಕರಗುವ ಸದ್ದು.

ಹಳೆಯ ಸೈಕಲ್ಲು ಇಟ್ಟುಕೊಂಡವರಿಗೆ

ಇಂಥ ಫ್ರೇಮು ನಿಮ್ಮಲ್ಲಿದ್ದರೆ ಮೊದಲು ಲಿವರ್ ನೋಡಿ, ಆಮೇಲೆ ಬ್ರೇಕ್ ಕೊಳ್ಳಿ. ಲಿವರ್ ಎಷ್ಟು ಕೇಬಲ್ ಎಳೆಯುತ್ತದೆ ಎಂದು ಅಳೆಯುವುದು ಸುಲಭ: ಬಿಚ್ಚಿದ ಕೇಬಲ್ಲಿನ ಮೇಲೆ ಪೆನ್ನಿನ ಗುರುತು ಹಾಕಿ, ಲಿವರ್ ಪೂರ್ತಿ ಒತ್ತಿ, ಗುರುತು ಎಷ್ಟು ಸರಿಯಿತೆಂದು ಸ್ಕೇಲಿನಿಂದ ನೋಡಿ. ಅಳೆಯುವಾಗ ಲಿವರ್ ಆ ಸೈಕಲ್ಲು ಓಡಿಸುವವರ ಕೈಗೆ ಹೊಂದಿಸಿದ ಜಾಗದಲ್ಲೇ ಇರಲಿ. ಊರೊಳಗಿನ ರಸ್ತೆ, ಘಾಟಿ ಹೆಚ್ಚಾದರೆ ಮುಂದೆ ಮಿನಿ-ವಿ. ಕಚ್ಚಾ ದಾರಿ, ಮಡ್‌ಗಾರ್ಡು ಬೇಕೆನ್ನುವವರಿಗೆ ಎರಡೂ ಕಡೆ ಕ್ಯಾಂಟಿಲಿವರ್; ಮುಂದಿನದಕ್ಕೆ ಫೋರ್ಕಿನ ತಲೆಯ ಕೊಂಡಿ, ತಂತಿ ತಡೆಯುವ ಪಟ್ಟಿ ಮರೆಯಬೇಡಿ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಹತ್ತು ನಿಮಿಷ ಕೊಡಿ. ಚಕ್ರ ಬಿಚ್ಚಿ, ರಬ್ಬರಿನಲ್ಲಿ ಚುಚ್ಚಿಕೊಂಡ ಹರಳು, ಲೋಹದ ಚೂರುಗಳನ್ನು ಪಿನ್ನಿನಿಂದ ತೆಗೆಯಿರಿ. ರಿಮ್ಮಿನ ಪಕ್ಕಕ್ಕೆ ಉಕ್ಕಿನ ಸ್ಕೇಲು ಇಟ್ಟು ನೋಡಿ. ನಡುವೆ ತಗ್ಗು ಬಿದ್ದು ಬೆಳಕು ಕಾಣುತ್ತಿದ್ದರೆ ಅದು ಸವೆದಿದೆ. ತೀರಾ ತೆಳ್ಳಗಾದ ರಿಮ್ಮು ಗಾಳಿಯ ಒತ್ತಡಕ್ಕೇ ಸೀಳಿಹೋಗಬಹುದು, ಅದೂ ಓಡುವಾಗ. ಕೇಬಲ್ಲಿನ ತುದಿಯಲ್ಲಿ ಒಂದು ಎಳೆ ಹರಿದಿದ್ದರೂ ಅಂದೇ ಬದಲಿಸಿ.

ದೀಪಾವಳಿಗೆ ಸೈಕಲ್ಲನ್ನು ಬಸ್ಸಿನ ಡಿಕ್ಕಿಯಲ್ಲಿ ಹಾಕಿಕೊಂಡು ಊರಿಗೆ ಹೋಗುವ ಯೋಚನೆಯಿದೆ. ಪುಣೆಯಿಂದ ಸೊಲ್ಲಾಪುರ, ಅಲ್ಲಿಂದ ವಿಜಯಪುರ. ಚಕ್ರ ಬಿಚ್ಚಲು ಮುಂದಿನ ಬ್ರೇಕಿನ ಕೊಂಡಿ ಕಳಚಬೇಕು, ಇಳಿಸಿದ ಮೇಲೆ ಮತ್ತೆ ಸಿಕ್ಕಿಸಬೇಕು. ಸಿಕ್ಕಿಸಿದೆನೋ ಇಲ್ಲವೋ ಎಂದು ಹತ್ತುವ ಮುಂಚೆ ಎರಡು ಲಿವರನ್ನೂ ಒಮ್ಮೆ ಒತ್ತಿ ನೋಡುವ ರೂಢಿಯನ್ನು ಮಗಳಿಗೆ ಮಾಡಿಸಿದ್ದೇನೆ. ಈಗ ಅವಳು ನನ್ನ ಸೈಕಲ್ಲಿನದನ್ನೂ ಒತ್ತಿ ನೋಡಿಯೇ ಹೊರಡುತ್ತಾಳೆ.